ಖರಾಬು ಜಾಗದ ಗುಬ್ಬಿ

ನಮ್ಮ ಮನೆಗೂ ಪಕ್ಕದ ರಾಯರ ಮನೆಗೂ ನಡುವೆ ಎದೆಯೆತ್ತರದ ಒಂದು ಕಾಂಪೌಂಡು ಗೋಡೆ ಇದೆ. ನುಗ್ಗೆ ಮರ ಅವರದು, ಕೊಂಬೆ ನಮ್ಮ ಕಡೆಗೆ ಬಾಗಿದೆ. ಕಾಯಿ ಯಾರದು ಅನ್ನುವ ವಿಚಾರ ಹನ್ನೆರಡು ವರ್ಷದಿಂದ ಚರ್ಚೆಯಲ್ಲಿದೆ; ತೀರ್ಮಾನವಾಗುವ ತನಕ ಇರಲಿ ಅಂತ ಇಬ್ಬರೂ ತಿನ್ನುತ್ತಿದ್ದೇವೆ. ಬೆಳಗ್ಗೆ ಏಳರ ಸುಮಾರಿಗೆ ಅವರು ಆ ಕಡೆ ಹೂ ಬಿಡಿಸಲು ಬರುತ್ತಾರೆ, ನಾನು ಈ ಕಡೆ ಪೇಪರು ಹಿಡಿದು ನಿಲ್ಲುತ್ತೇನೆ. ಅವರ ಬುಟ್ಟಿ ತುಂಬುವುದಿಲ್ಲ, ನನ್ನ ಪೇಪರು ಮೊದಲ ಪುಟ ದಾಟುವುದಿಲ್ಲ.

ಮೊನ್ನೆ ಸೋಮವಾರ ರಾಯರ ಕೈಯಲ್ಲಿ ಹೂಬುಟ್ಟಿ ಇರಲಿಲ್ಲ. ಜ್ವರ ಬಂದ ಮಗುವನ್ನು ಹೆಗಲಿಗೆ ಹಾಕಿಕೊಂಡು ಡಾಕ್ಟರ ಬಾಗಿಲಿಗೆ ಬಂದವರ ಹಾಗೆ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ನಿಂತಿದ್ದರು.

"ಸ್ವಾಮಿ, ಇದಕ್ಕೇನೋ ಆಗಿದೆ. ರಾತ್ರಿ ಮಲಗುವಾಗ ಚೆನ್ನಾಗೇ ಇತ್ತು. ಬೆಳಗ್ಗೆ ಆನ್ ಮಾಡಿದ್ರೆ ಕಪ್ಪು ಪರದೆ. ಅದೇನೋ 'ಗುಬ್ಬಿ ರೆಸ್ಕ್ಯೂ' ಅಂತಿದೆ."

ಗೋಡೆಯ ಮೇಲೆ ಇಡಿಸಿಕೊಂಡು ನೋಡಿದೆ. 'ಎರರ್: ನೋ ಸಚ್ ಪಾರ್ಟಿಷನ್' ಅಂತ ಒಂದು ಸಾಲು. ಕೆಳಗೆ 'ಗ್ರಬ್ ರೆಸ್ಕ್ಯೂ', ಅದರ ಮುಂದೆ ಮಿಣಮಿಣ ಮಿನುಗುವ ಗೆರೆ.

"ಗುಬ್ಬಿ ಅಲ್ಲ ರಾಯರೇ, ಗ್ರಬ್ಬು."

"ಯಾವುದೋ ಒಂದು. ರೆಸ್ಕ್ಯೂ ಅಂದ್ರೆ ಕಾಪಾಡೋದು ತಾನೇ? ಅದು ನನ್ನನ್ನ ಕಾಪಾಡತ್ತೋ, ನಾನು ಅದನ್ನ ಕಾಪಾಡಬೇಕೋ, ಅಷ್ಟು ಹೇಳಿ."

ಈ ಲ್ಯಾಪ್‌ಟಾಪಿನ ಪೂರ್ವೋತ್ತರ ನನಗೆ ಗೊತ್ತು. 2011ರಲ್ಲಿ ಅವರ ಮಗ ಕೊಡಿಸಿದ್ದು, ಒಳಗೆ ವಿಂಡೋಸ್ 7. ಆ ವಿಂಡೋಸಿಗೆ 2020ರ ಜನವರಿ 14ಕ್ಕೆ ಬೆಂಬಲ ನಿಂತಿತು. ಮಾರನೆಯ ದಿನ ಸಂಕ್ರಾಂತಿ. ಎಳ್ಳು ಬೀರುವುದಕ್ಕೆ ಮುಂಚೆಯೇ ಎಳ್ಳುನೀರು ಬಿಟ್ಟರಲ್ಲ ಅಂತ ರಾಯರು ಆವತ್ತು ಇದೇ ಗೋಡೆಯ ಮೇಲೆ ಕೈಯೂರಿ ಹಲುಬಿದ್ದರು. ಬೇರೆಯದಕ್ಕೆ ಹೋಗೋಣ ಎಂದರೆ ಅವರು ನಮ್ಮ ಬಡಾವಣೆ ಸಂಘದ ಕಾರ್ಯದರ್ಶಿಗಳು. ಇಷ್ಟು ವರ್ಷದ ನಡಾವಳಿ, ನೋಟೀಸು, ಚಂದಾ ಪಟ್ಟಿ ಎಲ್ಲವೂ ಕನ್ನಡ ಗಣಕ ಪರಿಷತ್ತಿನ 'ನುಡಿ'ಯಲ್ಲಿ, ಅದೂ ಯೂನಿಕೋಡಿಗೆ ಮುಂಚಿನ ಫಾಂಟಿನಲ್ಲಿ. ಆ ಫಾಂಟು ಇಲ್ಲದ ಕಡೆ ತೆರೆದರೆ ನಡಾವಳಿಯೆಲ್ಲ ಇಂಗ್ಲಿಷ್ ಅಕ್ಷರಗಳ ಕಿಚಡಿ. ಕೊನೆಗೆ ಅವರ ತಂಗಿಯ ಮಗ ರಜಕ್ಕೆ ಬಂದಾಗ ಒಂದು ಉಪಾಯ ಮಾಡಿದ. ನುಡಿಗೆ ವಿಂಡೋಸು, ಇಂಟರ್ನೆಟ್ಟಿಗೆ ಲಿನಕ್ಸು. ವಿಂಡೋಸಿಗೆ ನೆಟ್ಟಿನ ಸೋಂಕೇ ಇಲ್ಲ, ಮಡಿಯಲ್ಲಿ ಕೂರಿಸಿದ್ದಾರೆ. ಹೊರಗಿನ ಓಡಾಟವೆಲ್ಲ ಲಿನಕ್ಸಿನದು. ಆನ್ ಮಾಡಿದ ಕೂಡಲೇ ಗ್ರಬ್ಬು ಪಟ್ಟಿ ತೋರಿಸಿ, ಯಾವುದು ಬೇಕು ಅಂತ ಕೇಳಿ, ಹತ್ತು ಸೆಕೆಂಡು ಕಾಯುತ್ತಿತ್ತು.

"ರಾತ್ರಿ ಏನಾದ್ರೂ ಮುಟ್ಟಿದ್ರಾ?"

ರಾಯರು ನುಗ್ಗೆ ಮರದ ಕಡೆ ನೋಡಿದರು. "ಏನಿಲ್ಲ. ವಿಂಡೋಸ್‌ನಲ್ಲಿ ಜಾಗ ಸಾಲದೇ ಬಂತು. ಡಿಸ್ಕಿನ ನಕ್ಷೆ ತೆಗೆದು ನೋಡಿದೆ. ಮಧ್ಯೆ ಒಂದು ದೊಡ್ಡ ತುಂಡು. ಸಿ ಅಲ್ಲ, ಡಿ ಅಲ್ಲ, ಹೆಸರಿಲ್ಲ, ದಿಕ್ಕಿಲ್ಲ. ಸುಮ್ನೆ ಬಿದ್ದಿದೆಯಲ್ಲ ಅಂತ ಡಿಲೀಟ್ ಮಾಡಿದೆ."

ನಾನು ತಲೆಯ ಮೇಲೆ ಕೈಯಿಟ್ಟುಕೊಂಡೆ. ಮಾಡಿದವರು ಯಾರು ಅಂತೀರಿ? ಮೂವತ್ತನಾಲ್ಕು ವರ್ಷ ಸರ್ವೆ ಇಲಾಖೆಯಲ್ಲಿ ಚೈನು ಎಳೆಸಿದವರು. ಪಹಣಿಗಳು 'ಭೂಮಿ' ಯೋಜನೆಯಲ್ಲಿ ಕಂಪ್ಯೂಟರಿಗೆ ಹತ್ತಿದಾಗ ಸರ್ವಿಸಿನಲ್ಲಿದ್ದವರು.

"ರಾಯರೇ, ಅನುಭವದಾರರ ಕಾಲಂ ನೋಡದೆ ಕಂಡವರ ಪಹಣಿ ಹೊಡೆದು ಹಾಕಿದ್ದೀರಿ. ಅದು ಲಿನಕ್ಸಿನ ಹಿಸ್ಸೆ. ವಿಂಡೋಸಿಗೆ ಅದನ್ನ ಓದಕ್ಕೆ ಬರಲ್ಲ, ಅದಕ್ಕೇ ಹೆಸರು ತೋರಿಸಿಲ್ಲ."

"ಅಯ್ಯೋ! ಹಾಗಾದ್ರೆ ಲಿನಕ್ಸ್ ಹೋಗಬೇಕಿತ್ತು ಸರಿ. ವಿಂಡೋಸ್ ಯಾಕ್ರೀ ಹೋಯ್ತು? ಅದರ ಹಿಸ್ಸೆ ಹಾಗೇ ಇದೆಯಲ್ಲ?"

ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರ ಹೇಳಬೇಕಾದರೆ ಗುಂಡಿ ಒತ್ತಿದ ಮೇಲೆ ಒಳಗೆ ನಡೆಯುವ ಕಥೆ ಹೇಳಬೇಕು. ಒಳಗೆ ಹೋಗಿ ನನ್ನ ಪೆನ್‌ಡ್ರೈವು ತಂದು ಚುಚ್ಚಿದೆ. ಅದರಲ್ಲೇ ಓಡುವ ಒಂದು ಲಿನಕ್ಸ್ ಇಟ್ಟುಕೊಂಡಿದ್ದೇನೆ, ಮನೆಯಲ್ಲಿ ಅಮೃತಾಂಜನ ಇಟ್ಟುಕೊಂಡ ಹಾಗೆ. ಅದು ಏಳುವಷ್ಟರಲ್ಲಿ ಕಥೆ ಶುರು ಮಾಡಿದೆ.

ಕಂಪ್ಯೂಟರಿನ ಮೊದಲ ಕಷ್ಟ ಏನು ಅಂದರೆ, ಡಿಸ್ಕಿನಿಂದ ಪ್ರೋಗ್ರಾಮು ಓದಬೇಕಾದರೆ ಓದುವುದು ಹೇಗೆ ಅಂತ ಹೇಳಿಕೊಡುವ ಒಂದು ಪ್ರೋಗ್ರಾಮು ಮೊದಲೇ ಒಳಗಿರಬೇಕು. ತನ್ನ ಜುಟ್ಟು ತಾನೇ ಹಿಡಿದು ತನ್ನನ್ನು ಮೇಲೆತ್ತಿಕೊಳ್ಳುವ ಕೆಲಸ. ಇಂಗ್ಲಿಷಿನವರು ಜುಟ್ಟಿನ ಬದಲು ಬೂಟಿನ ಪಟ್ಟಿ ಹಿಡಿದರು, ಅದಕ್ಕೇ ಇದಕ್ಕೆ ಬೂಟ್ ಅಂತ ಹೆಸರಾಯಿತು. ಹಳೆಯ ಯಂತ್ರಗಳಲ್ಲಿ ಬಯಾಸ್ ಅನ್ನುವ ಪುಟ್ಟ ಪ್ರೋಗ್ರಾಮು ಚಿಪ್ಪಿನಲ್ಲಿ ಕೂತಿರುತ್ತದೆ. ಅದಕ್ಕೆ ಗೊತ್ತಿರುವುದು ಒಂದೇ ವಿಳಾಸ: ಡಿಸ್ಕಿನ ಮೊಟ್ಟಮೊದಲ ಸೆಕ್ಟರು. 512 ಬೈಟಿನ ಆ ತುಂಡನ್ನು ಮೆಮೊರಿಗೆ ತಂದು ಹಾಕಿ, "ಇನ್ನು ನೀನುಂಟು, ನಿನ್ನ ಹಣೆಬರಹ ಉಂಟು" ಅಂತ ಕೈತೊಳೆದುಕೊಳ್ಳುತ್ತದೆ.

"512 ಬೈಟು ಅಂದ್ರೆ ಎಷ್ಟು?"

"ಪೂರ್ತಿ ಅದೂ ಸಿಗಲ್ಲ. ಕೊನೆಯ 2 ಬೈಟು ಸಹಿ-ಮೊಹರು. ಅದರ ಹಿಂದಿನ 64 ಬೈಟು ಡಿಸ್ಕಿನ ಪಹಣಿ. ಮಿಕ್ಕಿದ್ದು 446. ನಮ್ಮ ಕನ್ನಡದ ಒಂದೊಂದು ಅಕ್ಷರಕ್ಕೂ ಯುಟಿಎಫ್-8 ಲೆಕ್ಕದಲ್ಲಿ 3 ಬೈಟು ಬೇಕು, ಒತ್ತು-ದೀರ್ಘಕ್ಕೆಲ್ಲ ಬೇರೆ ಬಾಡಿಗೆ. ಅಷ್ಟು ಜಾಗದಲ್ಲಿ ನಿಮ್ಮ ಸಂಘದ ನೋಟೀಸಿನ ಮೊದಲ ಪ್ಯಾರಾನೂ ಹಿಡಿಸಲ್ಲ."

"ಗುಬ್ಬಿ ಅಂದಿದ್ದು ತಪ್ಪೇನಲ್ಲ ಹಾಗಾದ್ರೆ," ಅಂದರು ರಾಯರು.

ಪಹಣಿಯ 64 ಬೈಟಿನಲ್ಲಿ 16 ಬೈಟಿನ ನಾಲ್ಕು ಸಾಲು. ಅದಕ್ಕೇ ಈ ಹಳೆಯ ಪದ್ಧತಿಯಲ್ಲಿ ಡಿಸ್ಕಿಗೆ ನಾಲ್ಕೇ ಮುಖ್ಯ ಹಿಸ್ಸೆ. 1983ರಲ್ಲಿ ಪಿಸಿ-ಡಾಸ್ 2.0 ಜೊತೆ ಈ ಕ್ರಮ ಬಂದಾಗ ಡಿಸ್ಕೆಂದರೆ 10 ಎಂಬಿ. ಅಷ್ಟಕ್ಕೆ ನಾಲ್ಕು ಪಾಲು ಧಾರಾಳ ಅನ್ನಿಸಿರಬೇಕು. ಮೂರು ತಲೆಮಾರು ಕಳೆದ ಮೇಲೆ ಮೊಮ್ಮಕ್ಕಳಿಗೆ ಸಾಲುವುದಿಲ್ಲ ಅಂತ ಯಾವ ಅಜ್ಜ ಯೋಚಿಸುತ್ತಾನೆ?

"ಮೊದಲನೇ ಸೆಕ್ಟರ್ ಆಯ್ತು. ಮೊದಲನೇ ಹಿಸ್ಸೆ ಅಲ್ಲಿಂದಲೇ ಶುರುನಾ?" ಸರ್ವೆಯವರ ಪ್ರಶ್ನೆ ಸರ್ವೆಯವರದೇ.

"ಅಲ್ಲೇ ಇರೋದು ಸ್ವಾರಸ್ಯ. ಹಳೆಯ ಲೆಕ್ಕದಲ್ಲಿ ಮೊದಲ ಹಿಸ್ಸೆ 63ನೇ ಸೆಕ್ಟರಿನಿಂದ. ನಡುವಿನ 62 ಸೆಕ್ಟರು, 31 ಕೆಬಿ, ಯಾರ ಹೆಸರಿಗೂ ಇಲ್ಲ."

"ಖರಾಬು!" ರಾಯರ ಮುಖ ಅರಳಿತು.

"ಖರಾಬೇ. ನಿಮ್ಮ ಗುಬ್ಬಿ 446 ಬೈಟಿನಲ್ಲಿ ಕೊಕ್ಕು ಮಾತ್ರ ಇಟ್ಟಿದೆ, ಮೈಯೆಲ್ಲ ಆ ಖರಾಬಿನಲ್ಲಿ ಗೂಡು ಕಟ್ಟಿಕೊಂಡಿದೆ."

"ಬಗರ್‌ಹುಕುಂ ಅನ್ನಿ."

"ಅನ್ನಿ. ಹಕ್ಕುಪತ್ರ ಇಲ್ಲದ ಕಾರಣ, ಬೇರೆ ಯಾವುದಾದರೂ ಪ್ರೋಗ್ರಾಮು ಬಂದು ಅದೇ ಜಾಗದಲ್ಲಿ ತನ್ನ ಗುರುತು ಬರೆದುಬಿಟ್ಟರೆ ಕೇಳೋರಿಲ್ಲ. ಹಾಗೂ ಆಗಿದೆ. ಈಗಿನ ಜಿಪಿಟಿ ಅನ್ನೋ ಹೊಸ ಪಹಣಿಯಲ್ಲಿ ಸಾಮಾನ್ಯವಾಗಿ 128 ಹಿಸ್ಸೆ ಮಾಡಬಹುದು. ಹಳೆಯ ಬಯಾಸ್ ಜೊತೆ ಅದನ್ನ ಬಳಸುವಾಗ ಗ್ರಬ್ಬಿಗೇ ಅಂತ ಒಂದು ಚಿಕ್ಕ ಹಿಸ್ಸೆ ಬಿಡ್ತಾರೆ."

"ಅಕ್ರಮ-ಸಕ್ರಮ ಆಯ್ತು. ಸರಿ, ವಿಂಡೋಸ್ ಯಾಕೆ ಹೋಯ್ತು, ಅದು ಹೇಳಿ."

"ಗುಬ್ಬಿ ಗೂಡು ಕಟ್ಟಿದ್ದು ಖರಾಬಿನಲ್ಲಿ; ಆದರೆ ಕಾಳು ಹೆಕ್ಕೋದು ಲಿನಕ್ಸ್ ಮನೆಯಲ್ಲಿ. ಪಟ್ಟಿ ತೋರಿಸೋ ವಿದ್ಯೆ, ಯಾರ್ಯಾರ ಬಾಗಿಲು ಎಲ್ಲೆಲ್ಲಿ ಅನ್ನೋ ಬರಹ, ಎಲ್ಲ ಅಲ್ಲಿ ಒಂದು ಫೋಲ್ಡರಿನಲ್ಲಿದೆ. ನೀವು ಆ ಮನೇನೇ ನಕ್ಷೆಯಿಂದ ತೆಗೆದ್ರಿ. ಅದು ಬೆಳಗ್ಗೆ ಎದ್ದು ಹೋಗಿ ನೋಡಿದೆ, ಮನೆ ಇಲ್ಲ. 'ಅಂಥ ಹಿಸ್ಸೆ ಇಲ್ಲ' ಅಂತ ಒಂದು ಸಾಲು ಹೇಳಿ ಕೂತಿದೆ. ವಿಂಡೋಸ್ ಒಳಗೆ ಗಟ್ಟಿಮುಟ್ಟಾಗಿದೆ. ಅದರ ಬಾಗಿಲ ತನಕ ಕರ್ಕೊಂಡು ಹೋಗೋರಿಲ್ಲ, ಅಷ್ಟೇ."

ರಾಯರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಇಬ್ಬರು ಅಣ್ಣತಮ್ಮಂದಿರ ಮನೆಗೆ ಒಬ್ಬ ಆಳು. ಒಬ್ಬನ ಮನೆ ಬೀಳಿಸಿದರೆ ಇನ್ನೊಬ್ಬನ ದೀಪವೂ ಆರಿತು ಅಂತ ತಮಗೆ ತಾವೇ ಹೇಳಿಕೊಂಡರು. ಆಮೇಲೆ ಮೆಲ್ಲಗೆ, "ಹೋದದ್ದು ಬರತ್ತಾ?"

"ಆ ಜಾಗದಲ್ಲಿ ಹೊಸದಾಗಿ ಏನಾದ್ರೂ ಕಟ್ಟಿದ್ರಾ? ಫಾರ್ಮ್ಯಾಟು ಗೀರ್ಮ್ಯಾಟು?"

"ಇಲ್ಲ ಇಲ್ಲ. ನಿದ್ದೆ ಬಂತು, ಮಲಗಿದೆ."

ಆ ನಿದ್ದೆ ಅವರನ್ನು ಉಳಿಸಿತ್ತು. ಡಿಲೀಟ್ ಅಂದಾಗ ಅಳಿಸಿಹೋದದ್ದು ಪಹಣಿಯ 16 ಬೈಟಿನ ಒಂದು ಸಾಲು. ಹೊಲ, ಬೆಳೆ, ಬಾವಿ ಎಲ್ಲ ಇದ್ದಲ್ಲೇ ಇದೆ. ಟೆಸ್ಟ್‌ಡಿಸ್ಕ್ ಅಂತ ಒಂದು ಪ್ರೋಗ್ರಾಮು ಇದೆ, ಕ್ರಿಸ್ಟೋಫ್ ಗ್ರೆನಿಯೆ ಬರೆದದ್ದು, ಕಾಸು ಕೊಡಬೇಕಿಲ್ಲ. ಅದು ಪಹಣಿಯನ್ನು ನಂಬುವುದಿಲ್ಲ, ಜಮೀನಿಗೇ ಇಳಿದು ಬಾಂದು ಕಲ್ಲು ಹುಡುಕುತ್ತದೆ. ಲಿನಕ್ಸಿನ ಎಕ್ಸ್ಟ್4 ಹಿಸ್ಸೆಯಾದರೆ ಶುರುವಿನಿಂದ 1024 ಬೈಟು ಬಿಟ್ಟು ಒಂದು ದಾಖಲೆ ನೆಟ್ಟಿರುತ್ತದೆ. ಹಿಸ್ಸೆ ಎಷ್ಟು ಉದ್ದ, ಎಷ್ಟು ತುಂಬಿದೆ, ಎಲ್ಲ ಅದರಲ್ಲಿ. ಮುನ್ನೆಚ್ಚರಿಕೆಗೆ ಅದರ ನಕಲುಗಳನ್ನೂ ಒಳಗೆ ಅಲ್ಲಲ್ಲಿ ಹೂತಿರುತ್ತಾರೆ. ಕಲ್ಲು ಸಿಕ್ಕರೆ ಚಕ್ಕುಬಂದಿ ಸಿಕ್ಕಿತು, ಸಾಲನ್ನು ತಿರುಗಿ ಬರೆದರೆ ಮುಗಿಯಿತು.

"ನಾವು ಮಾಡ್ತಿದ್ದದ್ದೂ ಇದನ್ನೇ," ಅಂದರು ರಾಯರು. ಅವರ ದನಿಗೆ ಈಗ ಇಲಾಖೆಯ ಗತ್ತು ಮರಳಿತ್ತು.

ಟೆಸ್ಟ್‌ಡಿಸ್ಕು ಅಳೆಯುತ್ತಾ ಕೂತಿತು. ಅಳೆಯುವವರಿಗೆ ಅವಸರ ಮಾಡಬಾರದು. ನಾನು ಪೇಪರು ಮಡಿಚಿ ಹಳೆಯ ನೆನಪು ಹೇಳತೊಡಗಿದೆ.

ಈಗಿನ ಹುಡುಗರಿಗೆ ಗ್ರಬ್ಬೇ ಹಳತು. ನಾನು ಕಲಿಯುವಾಗ ಇದ್ದದ್ದು ಲೈಲೋ. ಪಿಸಿಕ್ವೆಸ್ಟ್ ಪತ್ರಿಕೆಯ ಜೊತೆ ಲಿನಕ್ಸ್ ಸಿಡಿ ಬರುತ್ತಿದ್ದ ಕಾಲ. ಲೈಲೋ ಏಳುವಾಗ ತನ್ನ ಹೆಸರಿನ ನಾಲ್ಕು ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಬರೆಯುತ್ತಿತ್ತು, ಬಾಲವಾಡಿ ಮಗು ಸ್ಲೇಟಿನ ಮೇಲೆ ಬರೆದ ಹಾಗೆ. ಒಂದೊಂದು ಹಂತ ದಾಟಿದಾಗ ಒಂದೊಂದು ಅಕ್ಷರ. ಎಲ್ಲಿ ನಿಂತಿತೋ ರೋಗ ಅಲ್ಲಿ. ಎಷ್ಟೋ ರಾತ್ರಿ ಹಾಸ್ಟೆಲಿನಲ್ಲಿ ಬರಿ ಎಲ್, ಐ ನೋಡುತ್ತಾ ಬೆಳಗು ಮಾಡಿದ್ದೇನೆ. ಮೂರನೆಯ ಅಕ್ಷರ ಬಂದರೆ ಪಕ್ಕದ ರೂಮಿನವರನ್ನು ಎಬ್ಬಿಸಿ ತೋರಿಸುತ್ತಿದ್ದೆವು. ಅದಕ್ಕೆ ಫೈಲು ಗೀಲು ಅನ್ನುವುದು ತಿಳಿಯದು. ಇಷ್ಟನೆಯ ಸೆಕ್ಟರಿಗೆ ಹೋಗು ಅಂತ ಬಾಯಿಪಾಠ ಮಾಡಿಸಿಡಬೇಕು. ಕರ್ನಲ್ ಬದಲಾಯಿಸಿ, ಮತ್ತೆ ಪಾಠ ಒಪ್ಪಿಸುವುದು ಮರೆತಿರೋ, ಕೆಟ್ಟಿರಿ.

ಗ್ರಬ್ಬು ಹಾಗಲ್ಲ, ಅದಕ್ಕೆ ಓದು ಬರುತ್ತದೆ. ಬಗೆಬಗೆಯ ಫೈಲ್ ಸಿಸ್ಟಮುಗಳ ಒಳಹೊಕ್ಕು ಹೆಸರು ಹಿಡಿದು ಹುಡುಕಿಕೊಂಡು ಬರುತ್ತದೆ. 1995ರಲ್ಲಿ ಎರಿಕ್ ಬೋಲಿನ್ ಎಂಬಾತ ಅದನ್ನು ಬರೆದದ್ದು ಲಿನಕ್ಸಿಗಾಗಿಯೂ ಅಲ್ಲ, ವಿಂಡೋಸಿಗಾಗಿಯೂ ಅಲ್ಲ. ಗ್ನೂದವರ ಹರ್ಡ್ ಎಂಬ ವ್ಯವಸ್ಥೆಯನ್ನು ಎಬ್ಬಿಸಲು. ಗುರುತ್ವವೊಂದನ್ನು ಬಿಟ್ಟು ವಿಶ್ವದ ಮಿಕ್ಕ ಮೂಲಬಲಗಳನ್ನೆಲ್ಲ ಒಂದೇ ಸೂತ್ರಕ್ಕೆ ತರುವ 'ಗ್ರ್ಯಾಂಡ್ ಯೂನಿಫೈಡ್' ಸಿದ್ಧಾಂತದ ಕನಸು ಭೌತವಿಜ್ಞಾನಿಗಳಿಗಿದೆಯಲ್ಲ, ಅದನ್ನು ಅಣಕಿಸಿ 'ಗ್ರ್ಯಾಂಡ್ ಯೂನಿಫೈಡ್ ಬೂಟ್‌ಲೋಡರ್', ಚಿಕ್ಕದಾಗಿ ಗ್ರಬ್, ಅಂತ ಹೆಸರಿಟ್ಟರು. ಹರ್ಡು ಇವತ್ತಿಗೂ ನಮ್ಮ ನಿಮ್ಮ ಮೇಜಿಗೆ ಬಂದಿಲ್ಲ. ಅದನ್ನು ಎಬ್ಬಿಸಲು ಹುಟ್ಟಿದ್ದು ಊರನ್ನೆಲ್ಲ ಎಬ್ಬಿಸುತ್ತಿದೆ. ಮದುಮಗ ಬರಲಿಲ್ಲ, ವಾಲಗದವರಿಗೆ ಮಾತ್ರ ಎಲ್ಲ ಮದುವೆಗಳಿಂದಲೂ ಕರೆ.

"ವಿಂಡೋಸ್ ಒಳಗಿನ ಫೈಲು ಈ ಗುಬ್ಬಿಗೆ ಅರ್ಥ ಆಗತ್ತಾ?"

"ಆ ಮನೆ ಅಡಿಗೆ ವಿಷಯಕ್ಕೆ ಅದು ಹೋಗಲ್ಲ. ವಿಂಡೋಸಿನ ಬಾಗಿಲಲ್ಲಿ ಅದರದೇ ಒಬ್ಬ ಕಾವಲುಗಾರ ಇದಾನೆ. 'ಇವರು ನಿಮ್ಮವರು' ಅಂತ ಅವನಿಗೊಪ್ಪಿಸಿ ತಾನು ಮಾಯ. ಆಮೇಲೆ ದಿನವೆಲ್ಲ ನೀವು ಕೆಲಸ ಮಾಡಿದ್ರೂ ಅದರ ಸುಳಿವೇ ಸಿಗಲ್ಲ."

ಜೊತೆಗೆ ಒಂದು ಕಿವಿಮಾತು ಹೇಳಿದೆ. ಎರಡು ಹಾಕುವುದಾದರೆ ಮೊದಲು ವಿಂಡೋಸು, ಆಮೇಲೆ ಲಿನಕ್ಸು. ಈ ಹಳೆಯ ಪದ್ಧತಿಯಲ್ಲಿ ವಿಂಡೋಸು ಬಂದ ಕೂಡಲೇ ಮೊದಲ ಸೆಕ್ಟರಿನಲ್ಲಿ ತನ್ನ ಬರಹ ಬರೆದುಬಿಡುತ್ತದೆ, ಅಲ್ಲಿ ಯಾರಿದ್ದರು ಅಂತ ಕೇಳುವುದಿಲ್ಲ. ಲಿನಕ್ಸಿನ ಕಡೆಯವರು ಬಂದರೆ ಊರಲ್ಲಿ ಯಾರ್ಯಾರಿದ್ದಾರೆ ಅಂತ ವಿಚಾರಿಸಿ ಪಟ್ಟಿಗೆ ಸೇರಿಸಿಕೊಳ್ಳುತ್ತಾರೆ. ಆ ವಿಚಾರಿಸುವ ಆಳಿನ ಹೆಸರು ಓಎಸ್-ಪ್ರೋಬರ್. 2021ರ ಗ್ರಬ್ 2.06ರಿಂದ ಭದ್ರತೆಯ ಕಾರಣಕ್ಕೆ ಅವನನ್ನೂ ಮೂಲೆಯಲ್ಲಿ ಕೂರಿಸಿದ್ದಾರೆ. ಬೇಕಾದವರು ಸಂರಚನೆಯ ಫೈಲಿನಲ್ಲಿ ಒಂದು ಸಾಲು ಬರೆದು ಎಬ್ಬಿಸಿಕೊಳ್ಳಬೇಕು.

"ನಿಮ್ಮ ಹೊಸ ಲ್ಯಾಪ್‌ಟಾಪಲ್ಲೂ ಹೀಗೇನಾ?"

"ಅದರ ಕಥೆ ಬೇರೆ. ಬಯಾಸ್ ಹೋಗಿ ಯುಇಎಫ್ಐ ಬಂದಿದೆ. 446 ಬೈಟಿನ ಬಡತನ ಇಲ್ಲ. ಡಿಸ್ಕಿನಲ್ಲಿ ಒಂದು ಫ್ಯಾಟ್ ಹಿಸ್ಸೆ, ಅದರೊಳಗೆ ಒಬ್ಬೊಬ್ಬರಿಗೂ ಒಂದೊಂದು ಫೋಲ್ಡರು. ಆದರೆ ಸೆಕ್ಯೂರ್ ಬೂಟ್ ಅಂತ ಅಪಾರ್ಟ್‌ಮೆಂಟಿನ ಸೆಕ್ಯೂರಿಟಿ ನಿಂತಿದಾನೆ. ಸಹಿ ಇಲ್ಲದವರನ್ನ ಒಳಗೆ ಬಿಡಲ್ಲ. ಲಿನಕ್ಸಿನವರು ಶಿಮ್ ಅಂತ ಒಂದು ಶಿಫಾರಸು ಪತ್ರ ಹಿಡ್ಕೊಂಡು ಹೋಗ್ತಾರೆ. 2024ರ ಆಗಸ್ಟ್‌ನಲ್ಲಿ ವಿಂಡೋಸಿನ ಒಂದು ಅಪ್‌ಡೇಟು ಬಂದ ಮೇಲೆ ಎಷ್ಟೋ ಕಡೆ ಆ ಪತ್ರ ಹಳೇದಾಯ್ತು ಅಂತ ಲಿನಕ್ಸನ್ನ ಗೇಟಲ್ಲೇ ನಿಲ್ಲಿಸಿದ್ರು."

ಅಷ್ಟರಲ್ಲಿ ಪರದೆಯ ಮೇಲೆ ಒಂದು ಹಸಿರು ಸಾಲು ಮೂಡಿತು. ಬಾಂದು ಕಲ್ಲು ಸಿಕ್ಕಿತ್ತು. ಹಿಸ್ಸೆಯ ಒಳಗೆ ಇಣುಕಿ ಫೋಲ್ಡರುಗಳೆಲ್ಲ ಇವೆ ಎಂದು ಖಾತ್ರಿ ಮಾಡಿಕೊಂಡು, ಪಹಣಿಗೆ ಬರೆಸಿ, ಪೆನ್‌ಡ್ರೈವು ಕಿತ್ತು, ಮತ್ತೆ ಆನ್ ಮಾಡಿದೆ. ಏನೂ ಆಗಿಲ್ಲವೆಂಬಂತೆ ಗ್ರಬ್ಬಿನ ಪಟ್ಟಿ ಬಂತು. ಮೇಲೆ ಲಿನಕ್ಸು, ಕೆಳಗೆ ವಿಂಡೋಸು. ರಾಯರು ಪರದೆಗೇ ಕೈಮುಗಿದರು.

"ಇನ್ನೊಂದು ತಕರಾರಿದೆ ಸ್ವಾಮಿ, ಇದ್ದ ಹಾಗೇ ಕೇಳಿಬಿಡ್ತೀನಿ. ಲಿನಕ್ಸಲ್ಲಿ ಮೇಲ್ ನೋಡಿ ವಿಂಡೋಸಿಗೆ ಹೋದ್ರೆ ಟೈಮು ಹಿಂದಕ್ಕೆ ಹೋಗಿರತ್ತೆ. ಹೋದ ತಿಂಗಳು ಬೆಳಗ್ಗೆ ಹತ್ತು ಗಂಟೆಗೆ ನೋಟೀಸು ಮಾಡಿದೆ, ಕೆಳಗೆ ನಾಲ್ಕೂವರೆ ಅಂತ ಪ್ರಿಂಟ್ ಆಗಿದೆ. ಕಾರ್ಯದರ್ಶಿಗಳು ಬ್ರಾಹ್ಮೀ ಮುಹೂರ್ತದಲ್ಲಿ ಎದ್ದು ಸಂಘದ ಕೆಲಸ ಮಾಡ್ತಾರೆ ಅಂತ ಅಧ್ಯಕ್ಷರು ಸಭೆಯಲ್ಲಿ ಹೊಗಳಿದ್ರು. ನಾನೂ ಸುಮ್ನಿದ್ದೆ."

ಲೆಕ್ಕ ಸರಿಯಾಗಿ ಐದೂವರೆ ಗಂಟೆ. ಮದರ್‌ಬೋರ್ಡಿನಲ್ಲಿ ಬಿಲ್ಲೆ ಬ್ಯಾಟರಿಯ ಮೇಲೆ ಓಡುವ ಒಂದೇ ಗಡಿಯಾರ ಇದೆ, ನೋಡುವವರು ಇಬ್ಬರು. ವಿಂಡೋಸು ಅದರಲ್ಲಿರುವುದು ಊರಿನ ಸಮಯ ಅನ್ನುತ್ತದೆ. ಲಿನಕ್ಸು ಅದನ್ನು ಗ್ರೀನಿಚ್ ಲೆಕ್ಕದ ಯುಟಿಸಿ ಸಮಯ ಎಂದುಕೊಂಡು ನಮ್ಮ ಭಾಗದ 5 ಗಂಟೆ 30 ನಿಮಿಷ ಸೇರಿಸಿ ತೋರಿಸುತ್ತದೆ. ಲಿನಕ್ಸು ನೆಟ್ಟಿನಿಂದ ಸರಿಯಾದ ಸಮಯ ತಂದು ಗಡಿಯಾರವನ್ನು ಯುಟಿಸಿಗೆ ತಿರುಗಿಸಿಟ್ಟರೆ, ಮಡಿಯಲ್ಲಿ ಕೂತ ವಿಂಡೋಸಿಗೆ ಅದೇ ನಿಜ. ಲಂಡನ್ನಿನಲ್ಲಿದ್ದಿದ್ದರೆ ಚಳಿಗಾಲವೆಲ್ಲ ಇದು ಗೊತ್ತೇ ಆಗುತ್ತಿರಲಿಲ್ಲ. ಲಿನಕ್ಸಿಗೆ ಹೋಗಿ ಒಂದು ಸಾಲು ಟೈಪಿಸಿದೆ: ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 1.

"ಆರ್‌ಟಿಸಿನಾ? ಇದರೊಳಗೂ?"

"ನಿಮ್ಮ ಪಹಣಿಯ ಆರ್‌ಟಿಸಿ ಅಲ್ಲ ರಾಯರೇ, ಇದು ಗಡಿಯಾರದ್ದು."

"ಇರಲಿ. ಲೋಕಲ್ ಆರ್‌ಟಿಸಿ ಅಂದ್ರಲ್ಲ, ನಮ್ಮ ವ್ಯಾಪ್ತಿಗೇ ಬರತ್ತೆ."

ಬಂದ ಕೈಗೆ ಇನ್ನೊಂದು ಉಪಕಾರ ಮಾಡೋಣವೆಂದು ಗ್ರಬ್ಬಿನ ಸಂರಚನೆಯ ಫೈಲು ತೆರೆದೆ. ಅದರಲ್ಲಿ ಎರಡು ಸಾಲು ಮುಖ್ಯ. ಒಂದು ಡಿಫಾಲ್ಟ್, ಅದು 0. ಇವರು ಎಣಿಸುವುದು ಸೊನ್ನೆಯಿಂದ, ಸೊನ್ನೆ ಅಂದರೆ ಮೊದಲನೆಯದು. ಇನ್ನೊಂದು ಟೈಮ್‌ಔಟ್, 10. ಗ್ರಬ್ಬು ಡಿಸ್ಕುಗಳನ್ನೂ ಸೊನ್ನೆಯಿಂದಲೇ ಎಣಿಸಿ, ಹಿಸ್ಸೆಗಳನ್ನು ಮಾತ್ರ ಒಂದರಿಂದ ಎಣಿಸುತ್ತದೆ ಅಂದಾಗ, ಹೋಬಳಿ ಸೊನ್ನೆ, ಗ್ರಾಮ ಒಂದು ಅಂತ ಬರೆದರೆ ನಮ್ಮ ತಹಸೀಲ್ದಾರರು ಕಾಗದ ಮುಖಕ್ಕೆ ಎಸೀತಿದ್ರು ಅಂದರು ರಾಯರು.

"ನೋಡಿ, ನೀವು ವಿಂಡೋಸಿಗೆ ಹೋಗೋದು ತಿಂಗಳಿಗೆ ಒಂದು ಸಲ, ಮೀಟಿಂಗಿಗೆ ಮುಂಚೆ. ಮಿಕ್ಕ ದಿನ ಸುಮ್ನೆ ಹತ್ತು ಸೆಕೆಂಡು ಕಾಯ್ತೀರಿ. ಇದನ್ನ ಸೊನ್ನೆ ಮಾಡಿಬಿಡ್ಲಾ? ಕೇಳದೇ ನೇರ ಒಳಗೆ ಹೋಗತ್ತೆ. ಬೇಕಾದಾಗ ಶಿಫ್ಟ್ ಒತ್ತಿ ಹಿಡಿದ್ರೆ ಪಟ್ಟಿ ಬರತ್ತೆ."

ರಾಯರು ನನ್ನ ಕೈ ಹಿಡಿದು ತಡೆದರು. "ಬೇಡ. ಖಾತೆ ಬದಲಾವಣೆಗೆ ನೋಟೀಸು ಅಂಟಿಸ್ತೀವಿ ನೋಡಿ, ತಕರಾರಿದ್ದೋರು ಬಂದು ಹೇಳಿ ಅಂತ. ನೂರಕ್ಕೆ ತೊಂಬತ್ತು ಸಲ ಒಬ್ಬನೂ ಬರಲ್ಲ. ಹಾಗಂತ ಅವಧಿ ಕೊಡದೇ ಇರಕ್ಕಾಗತ್ತಾ? ಬರೋದು ಬಿಡೋದು ಅವರ ಇಷ್ಟ, ಕೇಳೋದು ನಮ್ಮ ಧರ್ಮ. ಇದೊಂದು ಪ್ರಾಣಿ ದಿನಾ ಬೆಳಗ್ಗೆ 'ಯಾವುದು ಬೇಕು ರಾಯರೇ' ಅಂತ ಕೇಳಿ ಹತ್ತು ಎಣಿಸತ್ತೆ. ನಾನು ಬಾಣದ ಗುರುತು ಒತ್ತದೇ ಇರಬಹುದು. ಒತ್ತಬಹುದಿತ್ತಲ್ಲ?"

ನಾನು ಫೈಲು ಮುಚ್ಚಿದೆ. 446 ಬೈಟಿನ ಪ್ರಾಣಿಯ ಮೇಲೆ ಅಷ್ಟು ಗೌರವ ಇಟ್ಟುಕೊಂಡವರನ್ನು ನಾನು ಬೇರೆ ಕಂಡಿಲ್ಲ.

ಆಗ ರಾಯರ ಅಡಿಗೆಮನೆಯ ಕಿಟಕಿಯಿಂದ ಅವರ ಹೆಂಡತಿಯ ದನಿ ಬಂತು. "ರೀ, ತಿಂಡಿಗೆ ಉಪ್ಪಿಟ್ಟು ಮಾಡ್ಲೋ, ಅವಲಕ್ಕಿ ಮಾಡ್ಲೋ?"

ರಾಯರು ಅವಲಕ್ಕಿ ಅನ್ನಲು ಬಾಯಿ ತೆರೆದರು. ಅ ಅನ್ನುವಷ್ಟರಲ್ಲಿ ಕುದಿಯುವ ನೀರಿಗೆ ರವೆ ಸುರಿದ ಬುಸ್ ಎಂಬ ಸದ್ದು ಗೋಡೆಯ ಈಚೆಗೂ ಕೇಳಿಸಿತು.

ಅವರು ತೆರೆದ ಬಾಯನ್ನು ಮೆಲ್ಲಗೆ ಮುಚ್ಚಿ, ಲ್ಯಾಪ್‌ಟಾಪನ್ನು ಮತ್ತೆ ಎದೆಗವಚಿಕೊಂಡು, ತಗ್ಗಿದ ದನಿಯಲ್ಲಿ ಕೇಳಿದರು: "ಇದಕ್ಕೆ ಯಾವ ಫೈಲು ತಿದ್ದಬೇಕು ಸ್ವಾಮಿ?"

ನಾನು ಉತ್ತರ ಹೇಳದೆ, ನಮ್ಮ ಕಡೆ ಬಾಗಿದ್ದ ಕೊಂಬೆಯಿಂದ ನಾಲ್ಕು ನುಗ್ಗೆಕಾಯಿ ಕಿತ್ತುಕೊಂಡು ಒಳಗೆ ಬಂದೆ. ಆವತ್ತು ರಾಯರು ಅದಕ್ಕೆ ತಕರಾರು ಹಾಕಲಿಲ್ಲ.